ಯಾರ ವಂಶದ್ದು ಎಂದು ಕೇಳಿದರು, ಮಗುವನ್ನು ಉಳಿಸೆಂದು ಕೇಳಲಿಲ್ಲ

೧೯೮೪ರ ಶಿವರಾತ್ರಿ ಕಳೆದ ವಾರದಲ್ಲಿ ನನ್ನ ಏಳು ವರ್ಷದ ಮಗ ಪ್ರಸನ್ನನ ಎಡಗೆನ್ನೆ ಊದಿಕೊಂಡಿತು. ಹುಳುಕು ಹಲ್ಲು ಅಂದುಕೊಂಡು ತಿಪಟೂರಿಗೆ ಕರೆದುಕೊಂಡು ಹೋಗಿ ದವಡೆ ಹಲ್ಲು ಕೀಳಿಸಿದೆವು. ಊತ ಇಳಿಯುವ ಬದಲು ಕಣ್ಣಿನ ತನಕ ಏರಿತು. ಮಗು ಬಾಯಿ ತೆರೆಯಲಾರದೆ ರಾಗಿ ಗಂಜಿಯನ್ನೂ ಉಗುಳುತ್ತಿತ್ತು. ಅಲ್ಲಿನ ಡಾಕ್ಟರು ಮತ್ತೆ ಮುಟ್ಟಿ ನೋಡಿ, "ಇದು ಹಲ್ಲಿನದ್ದಲ್ಲ ಕಣಮ್ಮ, ಗಂಟಿನ ಕಾಯಿಲೆ ಇದ್ದಂಗೈತೆ. ಇವತ್ತೇ ಬೆಂಗಳೂರಿಗೆ ಹೊರಡಿ" ಅಂದರು.

ನಾವು ಹೊರಡಲಿಲ್ಲ. ಯಾಕೆ ಅಂತ ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ಅರಳಗುಪ್ಪೆ ಕಡೆಯ ನಮ್ಮೂರಲ್ಲಿ ನಮ್ಮ ಮಾವನವರ ಮಾತೆಂದರೆ ಮಾತು. ಸಸಿ ಮಾಡಲು ಬೀಜದ ತೆಂಗಿನಕಾಯಿ ಆರಿಸಿಕೊಡಿ ಅಂತ ಸುತ್ತಲಿನ ತೋಟದವರೆಲ್ಲ ಅವರನ್ನೇ ಕರೆಯುತ್ತಾರೆ. ತಾಯಿಮರದ ಬುಡದಲ್ಲಿ ನಿಂತು, ಗರಿ ಗೊನೆ ನೋಡಿ, ಇದರ ಬೀಜ ಬೇಡ ಅಂದರೆ ಮುಗಿಯಿತು. ನನ್ನನ್ನೂ ಅವರು ಅದೇ ಕಣ್ಣಿನಿಂದ ನೋಡಿದರು. ತುರುವೇಕೆರೆಯ ನನ್ನ ತವರಿನಲ್ಲಿ ನಮ್ಮಣ್ಣ ಕೊರಳ ತುಂಬ ಗಂಟಾಗಿ ತೀರಿಕೊಂಡಿದ್ದ, ಆಗ ಅವನಿಗೆ ಮದುವೆಯಾಗಿ ಮಕ್ಕಳಿದ್ದವು. ಅದು ಮಾವನವರ ನೆನಪಿಗೆ ಬಂತು.

"ಬೀಜದಾಗೇ ಬಂದಿರೋದು ಕಣಮ್ಮ ಇದು. ಬೀಜದ್ದಕ್ಕೆ ಔಷಧಿ ಎಲ್ಲೈತೆ? ಸ್ವಾಮೀನೇ ಕೇಳ್ಬುಡಾಣ" ಅಂದರು.

ನಮ್ಮೂರ ವೀರಭದ್ರಸ್ವಾಮಿಯನ್ನು ಹೂ ಕೇಳುವ ಪದ್ಧತಿ ಇದೆ. ಪೂಜಾರಪ್ಪ ವಿಗ್ರಹದ ಮೇಲೆ ಒದ್ದೆ ಹೂ ಇಡುತ್ತಾರೆ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಮನೆಯವರೆಲ್ಲ ಕೈಮುಗಿದು ನಿಂತರು. "ಸ್ವಾಮಿ, ಇದು ಸೊಸೆ ತವರಿಂದ ಬಂದಿದ್ದಾದ್ರೆ ಬಲಕ್ಕೆ ಕೊಡು" ಅಂತ ಮಾವನವರು ಕೇಳಿದರು. ಹೂ ಬಲಕ್ಕೇ ಬಿತ್ತು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಓರಗಿತ್ತಿ ತನ್ನ ಮಕ್ಕಳನ್ನು ನನ್ನ ಪಕ್ಕದಿಂದ ದರದರ ಎಳೆದುಕೊಂಡಳು. ಮಾವನವರು ತೀರ್ಥ ತೆಗೆದುಕೊಂಡು ಹೊರಟೇಬಿಟ್ಟರು. ಅಷ್ಟು ಜನ ಅಲ್ಲಿದ್ದರಲ್ಲ, ಮಗುವನ್ನು ಉಳಿಸು ಸ್ವಾಮಿ ಅಂತ ಒಬ್ಬರ ಬಾಯಲ್ಲಾದರೂ ಬಂತೇ? ಯಾರ ವಂಶದ್ದು ಅಂತ ಗೊತ್ತಾದರೆ ಸಾಕಾಗಿತ್ತು ಅವರಿಗೆ! ಮಗು ನನ್ನ ಹೆಗಲ ಮೇಲೆ ಬಿಸಿಯುಸಿರು ಬಿಡುತ್ತಿತ್ತು.

ಎಲ್ಲರೂ ಹೋದ ಮೇಲೆ ನಾನು ಗರ್ಭಗುಡಿಯ ಹೊಸ್ತಿಲಿಗೆ ಹೋಗಿ ನಿಂತೆ. ಭಕ್ತಿಯಿಂದ ಬೇಡಿಕೊಂಡೆ ಅಂದರೆ ಸುಳ್ಳಾಗುತ್ತದೆ, ಜಗಳವೇ ಆಡಿದೆ. "ನಾನೇ ಕೊಟ್ಟಿದ್ದಾದ್ರೆ ನನ್ನ ತಗೊಂಡೋಗು, ಮಗೀನ ಬುಡು" ಅಂದೆ. ಪೂಜಾರಪ್ಪ ಪಾಪ, ಹೂ ಇಡಲು ಕೈ ಎತ್ತಿದರು. "ನಂಗೆ ಹೂ ಬ್ಯಾಡ, ಮಗ ಬೇಕು" ಅಂತ ತಡೆದೆ.

ಮಾರನೆಯ ಬೆಳಿಗ್ಗೆ ನಮ್ಮ ಯಜಮಾನರು ಸೈಕಲ್ ತಂದು ಅಂಗಳದಲ್ಲಿ ನಿಲ್ಲಿಸಿದರು. ಅಪ್ಪನ ಎದುರು ಜನ್ಮದಲ್ಲಿ ತುಟಿಪಿಟಕ್ ಅಂದವರಲ್ಲ ಅವರು. "ಮಗೀನ ಎತ್ಕೊಂಡು ಹಿಂದ್ಗಡೆ ಕೂತ್ಕೊ" ಅಂದರು. ಮಾವನವರು ಜಗಲಿಯಿಂದ, "ಎಲ್ಲಿಗ್ಲಾ?" ಅಂತ ಗದರಿದರು. ಇವರು ತಿರುಗಿಯೂ ನೋಡದೆ ಕಿಬ್ಬನಹಳ್ಳಿ ತನಕ ತುಳಿದರು. ಬೆಂಗಳೂರು ಬಸ್ಸು ಕಿಕ್ಕಿರಿದಿತ್ತು. ಒಬ್ಬ ಟೈಲರ್ ಸಾಬರು ಮಗುವಿನ ಮುಖ ನೋಡಿ ಕಿಟಕಿ ಸೀಟು ಬಿಟ್ಟುಕೊಟ್ಟು, ತಾವು ನಿಂತೇ ಬಂದರು.

ದೊಡ್ಡಾಸ್ಪತ್ರೆಯಲ್ಲಿ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಲಿಂಫೋಮಾ ಅನ್ನುವ ಕ್ಯಾನ್ಸರ್, ಅದರಲ್ಲೂ ಬಲು ಬೇಗ ಬೆಳೆಯುವ ಜಾತಿ ಅಂದರು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಅಂತ ಡಾಕ್ಟರಮ್ಮ ಕೇಳಿದ್ದೇ ತಡ, ನಾನು ಸಿಡಿದುಬಿದ್ದೆ. "ನಮ್ಮಣ್ಣಂಗೂ ಗಂಟಿತ್ತು. ನಮ್ಮ ಬೀಜಾನೇ ಕೆಟ್ಟಿರೋದು, ಬರ್ಕೊಳ್ರೀ!"

"ಯಾರಮ್ಮ ಹಾಗಂದೋರು?"

"ದೇವ್ರು ಅಂದ. ಬಲಗಡೆ ಹೂ ಕೊಟ್ಟ."

ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟು ಹೇಳಿದರು: "ಕೇಳಮ್ಮ. ನಮ್ಮ ಮೈಯ ಒಂದೊಂದು ಜೀವಕಣದಲ್ಲೂ ಕ್ರೋಮೋಸೋಮ್ ಅಂತ ದಾರದಂಥವು ಇರುತ್ತೆ. ಯಾವಾಗ ಬೆಳೀಬೇಕು, ಯಾವಾಗ ನಿಲ್ಲಬೇಕು ಅನ್ನೋ ಅಪ್ಪಣೆಯೆಲ್ಲ ಅದರಲ್ಲೇ. ಈ ಕಾಯಿಲೆಯಲ್ಲಿ ಎಂಟನೇ ನಂಬರಿನ ದಾರದ ತುಂಡು ಮುರಿದು ಹದಿನಾಲ್ಕನೇದಕ್ಕೆ ಅಂಟಿಕೊಳ್ಳುತ್ತೆ ಅಂತ ಈಚೆಗೆ ಕಂಡುಹಿಡಿದಿದ್ದಾರೆ. ಆಮೇಲೆ ಬೆಳೆ ಅನ್ನೋ ಅಪ್ಪಣೆ ನಿಲ್ಲೋದೇ ಇಲ್ಲ. ಇದು ನಿನ್ನಿಂದ ಬಂದದ್ದಲ್ಲ, ನಿನ್ನ ಗಂಡನಿಂದಲೂ ಅಲ್ಲ. ಮಗು ಹುಟ್ಟಿದ ಮೇಲೆ ಅದರದೇ ಒಂದು ಕಣದಲ್ಲಿ ಮುರಿದದ್ದು."

"ನಮ್ಮಣ್ಣಂದು?"

"ದೊಡ್ಡೋರಿಗೆ ಬರೋ ಲಿಂಫೋಮಾದಲ್ಲಿ ಹಲವು ಬಗೆ ಇವೆ. ಅವರ ಗಂಟು ನೋಡದೆ ಯಾವುದು ಅಂತ ಹೇಳಲಾರೆ. ಆದರೆ ನಿನ್ನ ಮಗನದು ಅಲ್ಲಿಂದ ಬಂದದ್ದಲ್ಲ. ಇನ್ನೊಂದು ಮಾತು, ಬೇಗ ಬೆಳೆಯೋ ಕಣಗಳಿಗೇ ನಮ್ಮ ಔಷಧಿ ಬೇಗ ತಾಗೋದು. ಎಲ್ಲಾ ಮಕ್ಕಳೂ ಉಳಿಯಲ್ಲ. ನೋಡೋಣ."

ಬೀಜದ್ದಕ್ಕೆ ಔಷಧಿ ಇಲ್ಲ ಅಂದಿದ್ದರು ಮಾವನವರು. ಆ ಮಾತು ನಂಬಿ ಮನೆಯಲ್ಲೇ ಕೂತಿದ್ದರೆ?

ನರಕ್ಕೆ ಔಷಧಿ ಬಿಟ್ಟರು. ಮಗು ವಾಂತಿ ಮಾಡಿ ಮಾಡಿ ಬಸವಳಿಯಿತು, ಆಮೇಲೆ ಕೂದಲೂ ಉದುರಿತು. ಆದರೆ ಒಂದು ವಾರದೊಳಗೆ ಊತ ಕರಗಿ, ಮುಚ್ಚಿದ್ದ ಕಣ್ಣು ತೆರೆದು, "ಅವ್ವ, ಹಸಿವು" ಅಂದ. ವಾರ್ಡಿನವರೆಲ್ಲ ನೋಡುತ್ತಿದ್ದರೂ ನಾಚಿಕೆಯಿಲ್ಲದೆ ಗೊಳೋ ಅಂತ ಅತ್ತೆ.

ಚಿಕಿತ್ಸೆ ಮುಗಿಸಿ ಊರಿಗೆ ಬಂದಾಗ ಮಾವನವರು ಮೊಮ್ಮಗನ ಕೆನ್ನೆ ಸವರಿ, ನೆರೆದವರ ಮುಂದೆ, "ನಮ್ಮ ಬೀಜ ಗಟ್ಟಿ ಕಣ್ರಪ್ಪ, ಅದಕ್ಕೇ ಉಳ್ಕೊಂಡ" ಅಂದರು. ಕಾಯಿಲೆಗೆ ನನ್ನ ಬೀಜ, ವಾಸಿಯಾದದ್ದಕ್ಕೆ ಅವರ ಬೀಜ! ಮೈಯೆಲ್ಲ ಉರಿಯಿತು. "ಮಾವ, ಮುರಿದಿದ್ದು ನಮ್ಮ ಯಾರ ಬೀಜಾನೂ ಅಲ್ಲ, ಉಳಿಸಿದ್ದೂ ಅಲ್ಲ" ಅಂದೆ.

ಹೂ ಸುಳ್ಳು ಹೇಳಿತೇ ಅಂತ ನೀವು ಕೇಳಬಹುದು. ಕೇಳಬಾರದ್ದನ್ನು ಕೇಳಿದರೂ ಹೂ ಎಲ್ಲಾದರೂ ಒಂದು ಕಡೆ ಬೀಳಲೇಬೇಕಲ್ಲ! ನಾನು ಕೇಳಿದ್ದಕ್ಕೆ ಸ್ವಾಮಿ ಉತ್ತರ ಕೊಟ್ಟ. ಆ ಬೆಳಿಗ್ಗೆ ನನ್ನ ಗಂಡನಿಗೆ ಧೈರ್ಯ ಕೊಟ್ಟವನು ಅವನೇ, ಆ ಡಾಕ್ಟರಮ್ಮನ ಬಾಯಲ್ಲಿ ಮಾತಾಡಿದವನೂ ಅವನೇ. ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಈಗ ಎರಡು ವರ್ಷ ದಾಟಿದೆ. ಇಂಥದ್ದು ಮರಳುವುದಾದರೆ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಮರಳುತ್ತದೆ ಅಂದಿದ್ದರು, ಮರಳಲಿಲ್ಲ. ಪ್ರಸನ್ನ ಸ್ಕೂಲಿಗೆ ಹೋಗುತ್ತಿದ್ದಾನೆ. ನಾನು ಸೋಮವಾರ ಸೋಮವಾರ ಗುಡಿಗೆ ಹೋಗಿ ಅಡ್ಡಬೀಳುತ್ತೇನೆ. ಮೊನ್ನೆ ಪೂಜಾರಪ್ಪ, "ಮಾವನ ಮೇಲಿನ ಸಿಟ್ಟು ಬುಟ್ಬುಡವ್ವ, ಅದನ್ನೂ ಇಳ್ಸು ಅಂತ ಸ್ವಾಮೀನ ಕೇಳ್ಕೊ" ಅಂದರು. ಮಗನನ್ನು ಕೇಳಿದ್ದೆ, ಕೊಟ್ಟ, ಬದುಕಿರುವ ತನಕ ಅವನ ಪಾದ ಬಿಡುವುದಿಲ್ಲ. ಸಿಟ್ಟು ಇಳಿಸು ಅಂತ ಮಾತ್ರ ನಾನು ಕೇಳಿಲ್ಲ, ಕೇಳುವುದೂ ಇಲ್ಲ.