ಆನ್ಸರ್ ಕೀ ಇಲ್ಲದ ಅಮೆರಿಕ

ಹೋದ ಮಂಗಳವಾರ ಮ್ಯಾಕಲ್ಸ್‌ಫೀಲ್ಡ್‌ನ ನಮ್ಮ ಮನೆಗೆ ಕೌನ್ಸಿಲ್‌ನಿಂದ ಅಂದರೆ ಇಲ್ಲಿನ ನಗರಸಭೆಯಿಂದ ಒಬ್ಬರು ಮೇಡಂ ಬಂದಿದ್ದರು. ಹತ್ತು ವರ್ಷದ ಮಗಳು ಧೃತಿಗೆ ನಾವು ಮನೆಯಲ್ಲೇ ಪಾಠ ಮಾಡುತ್ತೇವೆ. ಅದು ನೆಟ್ಟಗೆ ನಡೀತಿದೆಯಾ ಅಂತ ನೋಡೋಕೆ. ಟೀ ಕೊಟ್ಟೆ. ಕಪ್ ಎತ್ತಿಕೊಂಡು ಮಗಳನ್ನು ಕೇಳಿದರು, ಹಿಸ್ಟರಿಯಲ್ಲಿ ಈಗ ಏನು ಓದ್ತಿದ್ದೀಯ ಅಂತ.

ಇಂಗ್ಲೆಂಡಿನ ರಾಜನಿಗೆ ತೆರಿಗೆ ಕಟ್ಟಲ್ಲ ಅಂತ ಬಾಸ್ಟನ್‌ನವರು ಟೀ ಪೆಟ್ಟಿಗೆಗಳನ್ನೆಲ್ಲ ಸಮುದ್ರಕ್ಕೆಸೆದದ್ದು, ಅಂದಳು ಧೃತಿ.

ಮೇಡಂ ಕಪ್ಪನ್ನೊಮ್ಮೆ ನೋಡಿ ಕೆಳಗಿಟ್ಟರು.

ಇಂಗ್ಲೆಂಡಿನಲ್ಲಿ ಕೂತ ಕನ್ನಡದ ತಾಯಿ ಮಗಳಿಗೆ ಅಮೆರಿಕದ ಇತಿಹಾಸ ಯಾಕೆ ಹೇಳಿಕೊಡ್ತಾಳೆ? ಹೇಳ್ತೀನಿ ಇರಿ.

ನನ್ನಪ್ಪ ದಾವಣಗೆರೆಯ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಏಳನೇ ಕ್ಲಾಸಿಗೆ ಸಾಕು ಅಂದಾಗ ಎರಡು ದಿನ ಊಟ ಬಿಟ್ಟು ಹೈಸ್ಕೂಲು ಸೇರಿದವಳು ನಾನು. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. (ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ನೇತು ಹಾಕಿದ್ದೀನಿ. ನಗೋರು ನಗಲಿ.) ಶಾಲೆಗೆ ಕಳಿಸಿ ಅಂತ ನಾನು ಊಟ ಬಿಟ್ಟೆ. ಹೋದ ಚಳಿಗಾಲದಲ್ಲಿ ಶಾಲೆಗೆ ಕಳಿಸಬೇಡ ಅಂತ ನನ್ನ ಮಗಳು ಊಟ ಬಿಟ್ಟಳು. ಬೆಳಗ್ಗೆ ಶೂ ಕಂಡರೆ ಹೊಟ್ಟೆನೋವು, ಅಳು. ಜಿಪಿ ಡಾಕ್ಟರಿಗೆ ತೋರಿಸಿದ್ದಾಯಿತು, ಟೀಚರ್ ಜೊತೆ ಮಾತಾಡಿದ್ದಾಯಿತು. ಕೊನೆಗೆ ಶಾಲೆಯಿಂದ ಹೆಸರು ತೆಗೆಸಿದೆವು. ಆ ಪತ್ರಕ್ಕೆ ನಾನೇ ಸಹಿ ಹಾಕಿದ್ದು ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಇನ್ನು ಪಾಠ? ಟಿವಿಡೇಲ್ ದೇವಸ್ಥಾನದಲ್ಲಿ ಸಿಕ್ಕ ಗೆಳತಿಯೊಬ್ಬಳು ವಾಟ್ಸಾಪಿನಲ್ಲಿ ರಾಶಿ ಲಿಂಕ್ ಕಳಿಸಿದಳು. ಎಲ್ಲಾ ಫ್ರೀ. ತೆರೆದು ನೋಡಿದರೆ ತಲೆ ಗಿರ್ರ್ ಅಂತು. ವಿಡಿಯೊ, ಮ್ಯಾಪು, ಟೈಮ್‌ಲೈನು, ಹಳೇ ಕಾಗದಪತ್ರಗಳ ಫೋಟೊ. ಒಂದು ಸೈಟಿನಲ್ಲಿ ಮಾತ್ರ ಪ್ರತಿ ಪಾಠದ ಕೊನೆಗೆ ಆನ್ಸರ್ ಕೀ ಇತ್ತು. ಗೈಡ್ ಓದಿ, ಬಾಯಿಪಾಠ ಮಾಡಿ ಪಾಸಾದವಳಿಗೆ ಇನ್ನೇನು ಬೇಕು? ಕಣ್ಣು ಮುಚ್ಚಿ ಅದನ್ನೇ ಹಿಡಿದೆ.

ಎರಡು ವಾರ ಹಡಗು, ಭೂಪಟ, ಬಿರುಗಾಳಿ ಅಂತ ಪಾಠ ನಡೆಯಿತು. ಮೂರನೇ ವಾರ ನಮ್ಮನೆಯವರು ಹಿಂದಿನಿಂದ ಇಣುಕಿ, “ಇದು ಅಮೆರಿಕದವರ ಸಿಲಬಸ್ ಕಣೇ” ಅಂದರು.

ಬದಲಾಯಿಸಬೇಕಿತ್ತು. ಆದರೆ ಅಷ್ಟರಲ್ಲಿ ಮಗಳು ಬೆಳಗ್ಗೆ ತಾನಾಗಿಯೇ ಎದ್ದು ಲ್ಯಾಪ್‌ಟಾಪ್ ತೆಗೆಯುತ್ತಿದ್ದಳು. ದೋಸೆ ತಿನ್ನುತ್ತಾ ಬಾಸ್ಟನ್ ಕಥೆ ಹೇಳುತ್ತಿದ್ದಳು. ತಿಂಡಿ ತಿನ್ನೋ ಮಗುವಿನ ಸಿಲಬಸ್ ಯಾವ ತಾಯಿ ಬದಲಾಯಿಸ್ತಾಳೆ?

ತಾಪತ್ರಯ ಶುರುವಾದದ್ದು ಅವಳು ಇನ್ನೊಂದು ಸೈಟು ತೆರೆದಾಗ. ಅಮೆರಿಕಕ್ಕೆ ವಲಸೆ ಬಂದವರು ಬರೀ ಕಾಡಿದ್ದ ಕಡೆ ಊರು ಕಟ್ಟಿದರು, ಸರಿಯೋ ತಪ್ಪೋ? ಮೊದಲ ಸೈಟಿನಲ್ಲಿ ಸರಿ ಅಂದಳು, ಹಸಿರು ಟಿಕ್. ಎರಡನೆಯದರಲ್ಲೂ ಸರಿ ಅಂದಳು, ಕೆಂಪು ಗುರುತು. ಅಲ್ಲಿ ಆಗಲೇ ಊರುಗಳಿದ್ದವು, ಜನ ಇದ್ದರು, ಅವರನ್ನು ಓಡಿಸಿದರು ಅಂತ ವಿವರಣೆ ಬೇರೆ. ಯಾವುದು ಸರಿ ಅಮ್ಮ? ಆನ್ಸರ್ ಕೀಯಲ್ಲಿ ಇರೋದನ್ನ ಬರಿ ಅಂದೆ. ಅವಳು ಎಂದಿನಂತೆ ಇಂಗ್ಲಿಷಿನಲ್ಲೇ ಕೇಳಿದಳು. “ಬಟ್ ಹೂ ರೋಟ್ ದಿ ಆನ್ಸರ್ ಕೀ?”

ನನಗೇನು ಗೊತ್ತು? ನನ್ನನ್ನು ಡಿಗ್ರಿವರೆಗೆ ದಾಟಿಸಿದ ಗೈಡುಗಳನ್ನು ಯಾರು ಬರೆದರು ಅಂತಲೂ ನಾನು ಒಂದು ದಿನ ನೋಡಿದವಳಲ್ಲ.

ಅವತ್ತಿನಿಂದ ಅವಳ ರಫ್ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ. ಇವರು ಹೇಳೋದು. ಅವರು ಹೇಳೋದು. ಮೂರನೆಯದರ ತಲೆಬರಹ, ಇನ್ನೂ ಗೊತ್ತಿಲ್ಲ. ಆ ಮೂರನೇ ಕಾಲಂ ತುಂಬಿ ತುಳುಕುತ್ತಿತ್ತು. ಏನೂ ಕಲಿಸಿಲ್ಲ ಅಂತ ಕೌನ್ಸಿಲ್‌ನವರು ಮತ್ತೆ ಶಾಲೆಗೆ ಕಳಿಸಿ ಅಂದರೆ? ಮತ್ತೆ ಆ ಶೂ, ಆ ಅಳು? ಆ ಹಾಳೆಗಳನ್ನು ಹರಿದುಬಿಡು ಅಂತ ಹೇಳಿದ್ದೆ. ಮೇಡಂಗೆ ತೋರಿಸಲು ಹತ್ತಕ್ಕೆ ಹತ್ತು ಬಂದ ವರ್ಕ್‌ಶೀಟುಗಳನ್ನೇ ಆರಿಸಿ ಫೈಲ್ ಮಾಡಿದ್ದೆ.

ಮೇಡಂ ಫೈಲನ್ನು ಎರಡು ನಿಮಿಷ ತಿರುವಿ ಬದಿಗಿಟ್ಟರು. ಧೃತಿ ರಫ್ ನೋಟ್‌ಬುಕ್ ತಂದಳು. ಹಾಳೆ ಹರಿದಿರಲಿಲ್ಲ, ಕಳ್ಳಿ. ಇಬ್ಬರೂ ಸೋಫಾದಲ್ಲಿ ಆ ಮೂರನೇ ಕಾಲಂ ಮೇಲೆ ಬಗ್ಗಿ ಕೂತರು. ಇಪ್ಪತ್ತು ನಿಮಿಷ ಮಾತು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ, ಹೆಡ್ಮಾಸ್ಟರ್ ರೂಮಿನ ಹೊರಗೆ ನಿಂತ ಹಾಗೆ.

ಹೊರಡುವಾಗ ಅವರು ನನ್ನನ್ನು ಹೆಸರು ಹಿಡಿದು ಕರೆದು, ಚೆನ್ನಾಗಿ ನಡೀತಿದೆ, ಹೀಗೇ ಮುಂದುವರಿಸಿ, ಈ ದೇಶದ ಇತಿಹಾಸವನ್ನೂ ಒಂಚೂರು ಸೇರಿಸಿ ಅಂದರು. ಮಾರ್ಕ್ಸ್ ಎಷ್ಟು ಅಂತ ಕೇಳಿದೆ. ಮಾರ್ಕ್ಸ್ ಏನೂ ಇಲ್ಲ ಅಂದರು. ಹಾಗಾದರೆ ಪಾಸಾ? ಅವರು ನಕ್ಕರು. ನಾನೇನು ತಮಾಷೆಗೆ ಕೇಳಿದ್ದಾ?

ಹತ್ತಕ್ಕೆ ಹತ್ತು ಮೂಲೆಯಲ್ಲಿ, ಗೊತ್ತಿಲ್ಲ ಅನ್ನೋದಕ್ಕೆ ಶಹಬ್ಬಾಸ್. ನಮ್ಮ ಕಾಲದಲ್ಲಿ ಗೊತ್ತಿಲ್ಲ ಅಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮಗಳು ಮನೆಯಲ್ಲೇ ಉಳಿದಳು ಅಂತ ಸಮಾಧಾನ. ಏನು ಮಾಡಿ ಉಳಿಸಿಕೊಂಡೆ ಅಂತ ಮಾತ್ರ ತಿಳಿಯಲಿಲ್ಲ.

ಸಂಜೆ ಧೃತಿ ಕೇಳಿದಳು, ನಿನ್ನ ಶಾಲೆಯ ಹಿಸ್ಟರಿಯಲ್ಲಿ ಏನಿತ್ತು ಅಂತ. ನಾನು ಬಿಡ್ತೀನಾ? ೧೮೫೭ರ ಹೋರಾಟಕ್ಕೆ ಕಾರಣಗಳು, ಹತ್ತು ಅಂಕದ ಪ್ರಶ್ನೆ, ಒಂದೂ ಬಿಡದೆ ಒಂದೇ ಉಸಿರಿಗೆ ಒಪ್ಪಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಹೊಸ ಹಾಳೆಯಲ್ಲಿ ಎರಡು ಗೆರೆ ಎಳೆದು, ಪೆನ್ಸಿಲ್ ಸಮೇತ ನನ್ನ ಮುಂದಿಟ್ಟಳು. “ದಟ್ಸ್ ಕಾಲಂ ಒನ್, ಅಮ್ಮ.”

ಎರಡನೆಯದನ್ನು ಹೇಗೋ ತುಂಬಿಸಿದ್ದೀನಿ. ಮೂರನೇ ಕಾಲಂಗೆ ಆನ್ಸರ್ ಕೀ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದೆಯಾ?