ಸೋದರಮಾವನ ಸಹಿ

ನನ್ನ ಬಾಯಿ ಸ್ವಲ್ಪ ಜೋರು. ಧಾರವಾಡದ ಕಡೆಯವಳು, ಮನಸ್ಸಿಗೆ ಬಂದದ್ದು ನಾಲಿಗೆಗೆ ಬಂದೇ ಬಿಡುತ್ತದೆ. ಇಂಥವಳಿಗೆ ಎಪ್ಪತ್ತರ ದಶಕದ ಮೊದಲಲ್ಲಿ ಮುಂಬಯಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ, ರೋಗಿಗಳಿಗೂ ಅವರ ಮನೆಯವರಿಗೂ ಸಮಾಧಾನ ಹೇಳಿ ಚಿಕಿತ್ಸೆಗೆ ಒಪ್ಪಿಸುವ ಕೆಲಸ ಸಿಕ್ಕಿದಾಗ ನಮ್ಮ ಅವ್ವನೇ ನಕ್ಕಿದ್ದಳು. ಆಂಟಾಪ್ ಹಿಲ್‌ನಿಂದ ಬಸ್ ಹಿಡಿದು ಬಂದು ಮೇಜಿನ ಮುಂದೆ ಕೂತರೆ ಸಾಕು, ಮರಾಠಿ, ಗುಜರಾತಿ, ಉರ್ದು, ತಮಿಳು ಎಲ್ಲ ಭಾಷೆಯ ಅಳುವೂ ಅಲ್ಲಿಗೇ ಬರುತ್ತಿತ್ತು. ಅವರೆದುರು ನಾನು ಅಳೆದು ತೂಗಿ ಮಾತಾಡುತ್ತಿದ್ದೆ, ಕೇಳಿ ಕೇಳಿ ತಿಳಿದುಕೊಳ್ಳುತ್ತಿದ್ದೆ. ಕನ್ನಡದವರು ಬಂದರೆ ಮಾತ್ರ ನಿರಾಳ. ನಮ್ಮವರೇ ಅಲ್ಲವೇ, ಇವರನ್ನು ಕೇಳುವುದೇನಿದೆ ಅನ್ನುವ ಸೊಕ್ಕು.

ಮಲಾಡ್‌ನಿಂದ ಬರುತ್ತಿದ್ದ ಹುಡುಗಿಗೆ ಹದಿನೇಳು ವರ್ಷ. ಮಂಗಳೂರು ಕಡೆಯವರು. ಹೃದಯದ ಕವಾಟ ಕಿರಿದಾಗಿ, ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ನಡುವೆಯೇ ಕೂತುಬಿಡುತ್ತಿದ್ದಳು. ಆಪರೇಷನ್ ಆಗದಿದ್ದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು, ಆಪರೇಷನ್ನಿನ ದಿನವೂ ನಿಗದಿಯಾಗಿತ್ತು. ಬೇಕಾಗಿದ್ದದ್ದು ಮನೆಯವರ ಒಂದು ಸಹಿ. ತಾಯಿ ಇರಲಿಲ್ಲ. ತಂದೆ ಕ್ಯಾಂಟೀನೊಂದರಲ್ಲಿ ಅಡುಗೆಯವರು, ಬಹಳ ಮೆತ್ತಗಿನ ಮನುಷ್ಯ. ಹೇಳಿದ್ದಕ್ಕೆಲ್ಲ "ಆಯ್ತು ಮೇಡಂ" ಅನ್ನುವರು, ಸಹಿ ಮಾತ್ರ ಹಾಕರು.

ಅವರ ಜೊತೆ ಪ್ರತಿ ಸಲ ಬಿಳಿ ಅಂಗಿಯ ಒಬ್ಬರು ಬರುತ್ತಿದ್ದರು. ಹುಡುಗಿಯ ಸೋದರಮಾವ, ಬೊರಿವಲಿಯಲ್ಲಿ ಹೋಟೆಲು. ತಂದೆಯ ಹತ್ತಿರ ಮಾತಾಡುವಾಗ ಇವರದೇನು ನಡುವೆ ಅಂತ ನಾನು ಅವರನ್ನು ಹೊರಗಿನ ಬೆಂಚಿಗೆ ಕಳಿಸುತ್ತಿದ್ದೆ. ಮೂರನೆಯ ಸಲ ತಂದೆಯನ್ನು ಒತ್ತಿ ಕೇಳಿದೆ, ಸಹಿ ಯಾಕೆ ಆಗುತ್ತಿಲ್ಲ ಅಂತ. ಅವಳ ಮಾವ ಒಪ್ಪಬೇಕು ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಕಡೆ ಅಕ್ಕನ ಮಗಳನ್ನು ಮಾವನಿಗೆ ಕೊಡುವುದು ರೂಢಿ. ನನ್ನ ಸ್ವಂತ ಅಕ್ಕನನ್ನೇ ಹಾಗೆ ಕೊಟ್ಟಿದ್ದರು. ಎದೆಯ ಮೇಲೆ ಗಾಯದ ಗುರುತಿರುವ ಹುಡುಗಿ ಬೇಡವೆಂದು ಈ ಮನುಷ್ಯ ಎಳೆದಾಡುತ್ತಿದ್ದಾನೆ ಅಂತ ನನ್ನ ಲೆಕ್ಕ. ಸೀದಾ ಹೊರಗೆ ಹೋಗಿ, ಬೆಂಚಿನ ಮೇಲಿದ್ದ ಹತ್ತಾರು ಜನರ ಎದುರೇ ಅಂದೆ: "ಈ ಹುಡುಗೀನ್ನ ಲಗ್ನ ಆಗೋ ಮನಸ್ಸಿದ್ರ ಮೊದಲ ಆಕಿ ಜೀವಾ ಉಳಸ್ರಿ."

ಅವರ ಮುಖದ ರಕ್ತವೇ ಇಳಿದುಹೋಯಿತು. ಪಕ್ಕದಲ್ಲಿ ಕೂತಿದ್ದ ಹುಡುಗಿಗೆ ತುಳುವಿನಲ್ಲಿ ಏನೋ ಹೇಳಿ ಕೈ ಹಿಡಿದು ಎಬ್ಬಿಸಿದರು, ಒಳಗಿದ್ದ ತಂದೆಯೂ ಹಿಂದೆಯೇ ಬಂದರು, ಮೂವರೂ ಹೊರಟೇ ಹೋದರು.

ಏನೋ ಗೆದ್ದವಳ ಹಾಗೆ ನಾನಿದನ್ನು ಉಡುಪಿ ಕಡೆಯ ನರ್ಸ್ ಒಬ್ಬರಿಗೆ ಹೇಳಿದೆ. ಅವರು ತಲೆಯ ಮೇಲೆ ಕೈ ಹೊತ್ತುಕೊಂಡರು. ಆ ಜನರಲ್ಲಿ ಮಕ್ಕಳು ತಾಯಿಯ ಮನೆಗೆ ಸೇರಿದವರು, ಸೋದರಮಾವನೇ ಯಜಮಾನ, ಅವನ ಮಾತಿಲ್ಲದೆ ತಂದೆ ಏನೂ ಮಾಡುವುದಿಲ್ಲ ಅಂತ ಬಿಡಿಸಿ ಹೇಳಿದರು. "ಹೆತ್ತ ಮಗಳನ್ನೇ ಮದುವೆ ಆಗ್ತೀರಾ ಅಂತ ಕೇಳಿದ ಹಾಗಾಯ್ತಲ್ಲ ಮಾರಾಯ್ತಿ," ಅಂದರು.

ನಾಚಿಕೆಯಿಂದ ಕುಗ್ಗಿಹೋದೆ. ಆದರೆ ನಾಚಿಕೊಂಡು ಕೂತರೆ ಹುಡುಗಿ ಉಳಿಯುತ್ತಾಳೆಯೇ? ಆಪರೇಷನ್ನಿಗೆ ಐದೇ ದಿನ ಇತ್ತು. ಮರುದಿನ ರಜೆ ಹಾಕಿ ಲೋಕಲ್ ಹತ್ತಿ ಬೊರಿವಲಿಗೆ ಹೋದೆ, ಕೇಳಿ ಕೇಳಿ ಹೋಟೆಲು ಹುಡುಕಿದೆ. ಗಲ್ಲಾದಲ್ಲಿ ಕೂತಿದ್ದವರು ನನ್ನನ್ನು ಕಂಡು ಮುಖ ತಿರುಗಿಸಿದರು. ಅಷ್ಟಕ್ಕೇ ಹೊರಟುಹೋಗುವವಳಲ್ಲ ನಾನು. ಊಟದ ಗದ್ದಲ ಶುರುವಾಗುವವರೆಗೆ ಮೂಲೆಯ ಮೇಜಿನಲ್ಲಿ ಕೂತಿದ್ದೆ. ಹತ್ತು ಜನರ ಮುಂದೆ ಅಂದದ್ದಕ್ಕೆ ಹತ್ತು ಜನರ ಮುಂದೆಯೇ ತಪ್ಪೊಪ್ಪಿಕೊಳ್ಳಬೇಕಿತ್ತು. ಗಲ್ಲಾದ ಎದುರು ನಿಂತು ಎಲ್ಲರಿಗೂ ಕೇಳುವ ಹಾಗೆ ತಪ್ಪಾಯಿತು ಅಂದೆ. ಆಮೇಲೆ ದನಿ ಇಳಿಸಿ ಕೇಳಿದೆ: "ಅಣ್ಣಾರ, ನಿಮ್ಮ ಮನಸ್ಸಿನ್ಯಾಗ ಏನದ ಅಂತ ನಾ ಒಮ್ಮೆನೂ ಕೇಳಲಿಲ್ಲ. ಈಗ ಹೇಳ್ರಿ."

ಅವರು ಗಿರಾಕಿಗೆ ಚಿಲ್ಲರೆ ಕೊಟ್ಟರು. ಕೊನೆಗೆ ನನ್ನ ಕಡೆ ನೋಡದೆಯೇ ಹೇಳಿದರು: "ಇವಳ ಅಮ್ಮನಿಗೆ ಎರಡನೇ ಹೆರಿಗೆಯಲ್ಲಿ ಆಪರೇಷನ್ ಆಗಬೇಕು ಅಂದ್ರು. ಸಹಿ ಹಾಕಿದ್ದು ನಾನೇ. ತಂಗಿ ಮತ್ತೆ ಕಣ್ಣು ಬಿಡಲಿಲ್ಲ."

ನನಗೆ ಅಳು ಬಂತು. ಏನೂ ಆಗುವುದಿಲ್ಲ ಅಂತ ಹೇಳುವ ಧೈರ್ಯ ಬರಲಿಲ್ಲ, ಅದು ಸುಳ್ಳಾಗುತ್ತಿತ್ತು. ಆಪರೇಷನ್ ಮಾಡಿದರೆ ಅಪಾಯ ಎಷ್ಟು, ಮಾಡದಿದ್ದರೆ ಎಷ್ಟು ಅಂತ ಡಾಕ್ಟರು ಹೇಳಿದ್ದನ್ನು ಹೆಚ್ಚು ಕಮ್ಮಿ ಮಾಡದೆ ಹೇಳಿದೆ. ಅವರು ನನಗೆ ಊಟ ಹಾಕಿಸಿದರು. ನಾಡಿದ್ದು ಬರುತ್ತೇನೆ ಅಂದರು.

ಬಂದರು. ಆದರೆ ಫಾರಮ್ಮಿನಲ್ಲಿ ತಂದೆ ಅಥವಾ ಗಂಡ ಅಂತ ಮಾತ್ರ ಜಾಗ. ಮಾವನ ಸಹಿಗೆ ಜಾಗವಿಲ್ಲ ಅಂದ ಗುಮಾಸ್ತ. ಪಕ್ಕದಲ್ಲಿ ತಾಯಿಯ ಅಣ್ಣ ಅಂತ ನಾನೇ ಬರೆದೆ. ಹೀಗೆಲ್ಲ ನಡೆಯೋದಿಲ್ಲ ಮೇಡಂ ಅಂದ. ದೊಡ್ಡ ಸಾಹೇಬರನ್ನು ಕರೆಸಪ್ಪ, ಅಲ್ಲಿಯವರೆಗೆ ಏಳೋದಿಲ್ಲ ಅಂತ ಅವನ ಮುಂದಿನ ಕುರ್ಚಿಯಲ್ಲಿ ಕೂತೆ. ತಂದೆಯ ಸಹಿಯೂ ಇದ್ದರೆ ಆಯಿತು ಅಂತ ಸಾಹೇಬರು ಒಪ್ಪಿದರು. ಮೊದಲು ಮಾವ ಹಾಕಿದರು. ಅದರ ಕೆಳಗೆ ತಂದೆ ಹಾಕಿದರು.

ಆಪರೇಷನ್ನಿನ ದಿನ ಅವರಿಬ್ಬರ ಜೊತೆ ನಾನೂ ಕೂತಿದ್ದೆ, ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಹುಡುಗಿಯ ತಂದೆ ಯಾರು ಅಂತ ಕೇಳಿದರು. ತಂದೆ ಎದ್ದರು. ಎದ್ದವರು ಭಾವನ ಬೆನ್ನಿಗೆ ಕೈಯಿಟ್ಟು ಅವರನ್ನೇ ಮುಂದೆ ಕಳಿಸಿದರು. ಮಗಳು ಹುಷಾರಾಗಿದ್ದಾಳೆ ಅಂತ ಡಾಕ್ಟರು ಅವರಿಗೇ ಹೇಳಿದರು.