ಸಂಪಿಗೆ ಮರದ ಮೇಲೆ ಹೊರಿಸಿದ ಸೀನು

ಒಂಟಿ ಸೀನು ಅಪಶಕುನ, ಜೋಡಿ ಸೀನಾದರೆ ಒಳ್ಳೆಯದು ಎಂದು ನಮ್ಮ ಕಡೆ ಹೇಳುತ್ತಾರೆ. ಒಂದೇ ಸಮನೆ ಇಪ್ಪತ್ತು ಸೀನು ಬಂದರೆ ಅದಕ್ಕೇನು ಫಲ ಎಂದು ಮಾತ್ರ ಯಾರೂ ಹೇಳಿಟ್ಟಿಲ್ಲ. ನನಗೆ ಬರುತ್ತಿದ್ದದ್ದು ಹಾಗೆ. ಮಳೆ ಹಿಡಿದು ಒಂದೂವರೆ ತಿಂಗಳಾಯಿತು ಎನ್ನುವಷ್ಟರಲ್ಲಿ ಮೊದಲು ಅಂಗುಳ ತುರಿಸುತ್ತಿತ್ತು, ಆಮೇಲೆ ಕಣ್ಣು, ಆಮೇಲೆ ಮೂಗು. ಶುರುವಾದರೆ ದೀಪಾವಳಿ ಕಳೆದು ಚಳಿ ಬೀಳುವವರೆಗೂ ಬಿಡುತ್ತಿರಲಿಲ್ಲ.

ನಾನು ಚನ್ನರಾಯಪಟ್ಟಣದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಟೀಚರು. ನಮ್ಮ ಮನೆಯವರಿಗೆ ಹಾಸನದಲ್ಲಿ ಕೆಲಸ, ಬೆಳಗ್ಗೆ ಬಸ್ಸಿಗೆ ಹೋದರೆ ರಾತ್ರಿಯೇ ಬರುವುದು. ಊರಾಚೆಯ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ಬಂದ ಎರಡನೇ ವರ್ಷಕ್ಕೆ ಈ ಕಾಟ ಅಂಟಿಕೊಂಡಿತು. ಮಾಡದ ಔಷಧವಿಲ್ಲ. ಮೆಡಿಕಲ್ ಸ್ಟೋರಿನ ಮಾತ್ರೆ, ಡಾಕ್ಟರು ಬರೆದುಕೊಟ್ಟ ಮೂಗಿನ ಸ್ಪ್ರೇ, ನೀಲಗಿರಿ ಎಲೆಯ ಹಬೆ, ಮೆಣಸು ತುಳಸಿಯ ಕಷಾಯ, ಅರಕಲಗೂಡಿನ ಹತ್ತಿರದ ಹಳ್ಳಿಯವರೊಬ್ಬರು ಮೂಗಿಗೆ ಬಿಡುತ್ತಿದ್ದ ಹಸಿರು ರಸ. ಆ ರಸ ಬಿಟ್ಟ ದಿನ ತಲೆಯೊಳಗೆ ಬೆಂಕಿ ಬಿದ್ದಂತಾಗಿ ಬಸ್ಸಿನಲ್ಲಿ ಅಳುತ್ತಾ ಬಂದಿದ್ದೆ. ಮಾತ್ರೆ ನುಂಗಿದರೆ ಸೀನು ಒಂದಿಷ್ಟು ತಗ್ಗುತ್ತಿತ್ತು, ಆದರೆ ಕಣ್ಣು ಎಳೆಯುತ್ತಿತ್ತು. ಒಂದು ಮಧ್ಯಾಹ್ನ ಮಕ್ಕಳಿಗೆ ಪ್ರಬಂಧ ಬರೆಯಲು ಹೇಳಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತಿದ್ದರು. ಮಕ್ಕಳು ನಗಲಿಲ್ಲ, ನನಗಾಗಿ ಅಷ್ಟು ಹೊತ್ತು ಸದ್ದಿಲ್ಲದೆ ಕೂತಿದ್ದವು.

ಕೊರೋನಾ ಬಂದು ಹೋದಮೇಲೆ ಇನ್ನೂ ಕಷ್ಟವಾಯಿತು. ಬಸ್ಸಿನಲ್ಲಿ ನಾನು ಎರಡು ಸಲ ಸೀನಿದರೆ ಪಕ್ಕದವರು ಎದ್ದು ಬೇರೆ ಸೀಟು ನೋಡಿಕೊಳ್ಳುತ್ತಿದ್ದರು. ಇದು ಅಂಟುವುದಲ್ಲ, ಅಲರ್ಜಿ ಎಂದು ಎಷ್ಟು ಜನಕ್ಕೆ ಹೇಳಲಿ?

ಇದೆಲ್ಲ ನನ್ನ ಕಷ್ಟದ ಕಥೆ. ಇದನ್ನು ಯಾರ ಮುಂದೆ ಬೇಕಾದರೂ ಹೇಳಿಕೊಳ್ಳಬಹುದು, ಹೇಳಿಕೊಂಡೂ ಇದ್ದೇನೆ. ಹೇಳಿಕೊಳ್ಳದೆ ಉಳಿದದ್ದು ಪಕ್ಕದ ಮನೆಯ ಹೂವಿನಕ್ಕನ ವಿಷಯ.

ಹೂವಿನಕ್ಕ ಎಂದು ಇಡೀ ಬೀದಿಯೇ ಅವರನ್ನು ಕರೆಯುತ್ತಿತ್ತು. ನನಗಿಂತ ಐದಾರು ವರ್ಷಕ್ಕೆ ದೊಡ್ಡವರು. ಗಂಡ ತೀರಿಕೊಂಡಿದ್ದರು. ಬಡಾವಣೆ ಆಗುವುದಕ್ಕೆ ಮುಂಚಿನಿಂದ ಇದ್ದ ಎರಡು ಅಂಕಣದ ಹಳೆ ಮನೆಯಲ್ಲಿ ಮಗಳ ಜೊತೆ ಇದ್ದರು. ಬೆಳಗ್ಗೆ ಜಗುಲಿಯ ಮೇಲೆ ಕೂತು ಬಾಳೆನಾರಿನಲ್ಲಿ ಹೂವು ಕಟ್ಟುವುದು, ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಬುಟ್ಟಿ ಇಟ್ಟುಕೊಂಡು ಮಾರುವುದು ಅವರ ಜೀವನ. ಸೇವಂತಿಗೆ, ಕನಕಾಂಬರವನ್ನು ಮಾರ್ಕೆಟ್ಟಿನಿಂದ ತರುತ್ತಿದ್ದರು. ಸಂಪಿಗೆ ಮಾತ್ರ ಅವರದೇ. ಅವರ ಅತ್ತೆ ನೆಟ್ಟಿದ್ದ ಕೆಂಡಸಂಪಿಗೆಯ ಮರ ಎರಡು ಮನೆಗಳ ನಡುವಿನ ಕಾಂಪೌಂಡಿಗೆ ಒರಗಿಕೊಂಡಂತೆ ಬೆಳೆದು, ಅರ್ಧ ಕೊಂಬೆಗಳನ್ನು ನಮ್ಮ ಕಡೆಗೆ ಚಾಚಿತ್ತು. ನಮ್ಮ ಕಡೆಗೆ ಬಿದ್ದ ಹೂವನ್ನು ಅವರು ಒಂದು ದಿನವೂ ಕೇಳಿದವರಲ್ಲ. ಮಗಳು ನನ್ನದೇ ತರಗತಿಯಲ್ಲಿ, ಎಸ್ಸೆಸ್ಸೆಲ್ಸಿಯಲ್ಲಿ ಓದುತ್ತಿದ್ದಳು. ಹಾಗಾಗಿ ಅವರಿಗೆ ನಾನು ಟೀಚರಮ್ಮ. ನಾನು ಹೊರಗೆ ಬಂದರೆ ಕಟ್ಟುತ್ತಿದ್ದ ಹೂವು ಮಡಿಲಲ್ಲಿ ಬಿಟ್ಟು ಎದ್ದು ನಿಲ್ಲುತ್ತಿದ್ದರು.

ನಮ್ಮ ಮನೆಯ ಹಿಂದೆ ನಮ್ಮದೇ ಇನ್ನೊಂದು ಸೈಟು ಖಾಲಿ ಬಿದ್ದಿತ್ತು. ನಾವು ಬಂದ ಹೊಸದರಲ್ಲಿ ಹೂವಿನಕ್ಕ ಒಮ್ಮೆ, ಅದನ್ನು ಹಸನು ಮಾಡಿ ನಾಲ್ಕು ಸಾಲು ಕನಕಾಂಬರ ಹಾಕಿಕೊಳ್ಳಲಾ ಎಂದು ಕೇಳಿದ್ದರು. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದಿದ್ದೆ. ಬೇರೂರಿದವರನ್ನು ಆಮೇಲೆ ಎಬ್ಬಿಸುವುದು ಕಷ್ಟ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಅವರಿಗೆ ಉತ್ತರ ಹೇಳಲೇ ಇಲ್ಲ. ಅವರೂ ಮತ್ತೆ ಕೇಳಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಅಕ್ಕನ ಮಗಳ ನಿಶ್ಚಿತಾರ್ಥವಾಯಿತು. ಅಕ್ಕ ಇರುವುದು ಹೊಳೆನರಸೀಪುರದಲ್ಲಿ, ಗಂಡಿನ ಮನೆ ಅರಕಲಗೂಡು. ಶಾಸ್ತ್ರ ಗಂಡಿನ ಮನೆಯಲ್ಲೇ. ಎರಡು ಮಾತ್ರೆ ನುಂಗಿ, ಪರ್ಸಿನಲ್ಲಿ ನಾಲ್ಕು ಕರವಸ್ತ್ರ ಇಟ್ಟುಕೊಂಡು ಹೋದೆ. ಲಗ್ನಪತ್ರಿಕೆ ಓದಲು ಶುರು ಮಾಡಿದರು. ಉಸಿರು ಬಿಗಿಹಿಡಿದೆ, ಮೂಗು ಹಿಸುಕಿಕೊಂಡೆ, ಆಗಲಿಲ್ಲ. ಒಂದೇ ಒಂದು ಸೀನು ಬಂತು, ಅದೂ ಜೋರಾಗಿ. ಓದುವುದು ನಿಂತಿತು. ಯಾರೋ ನೀರು ಕೊಟ್ಟರು. ಐದು ನಿಮಿಷ ಎಲ್ಲರೂ ಸುಮ್ಮನೆ ಕೂತು ಮತ್ತೆ ಮೊದಲಿಂದ ಓದಿದರು. ಅದೇ ಸಾಲು ಬರುವಷ್ಟರಲ್ಲಿ ಮತ್ತೆ ಸೀನಿದೆ. ಈ ಸಲ ಸೀನು ನಿಲ್ಲಲೂ ಇಲ್ಲ.

ಗಂಡಿನ ಅಜ್ಜಿ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದರು: "ಆವಮ್ಮನ್ನ ಒಸಿ ಆಚೆ ಕುಂಡ್ರುಸ್ರವ್ವ."

ಅಕ್ಕನೇ ಬಂದು ನನ್ನ ತೋಳು ಹಿಡಿದು ಎಬ್ಬಿಸಿದಳು. ಹಿತ್ತಲಲ್ಲಿ, ಅಡುಗೆಯವರು ಸೌತೆಕಾಯಿ ಹೆಚ್ಚುತ್ತಿದ್ದ ಕಡೆ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ ಕೂರಿಸಿ ಹೋದಳು. ಒಳಗೆ ಮಂಗಳಾರತಿಯ ಹಾಡು ಕೇಳಿಸುತ್ತಿತ್ತು. ನನ್ನ ಕಣ್ಣಿನಿಂದ ಇಳಿಯುತ್ತಿದ್ದ ನೀರು ಯಾವುದರದ್ದು ಎಂದು ಅಡುಗೆಯವರಿಗೆ ತಿಳಿದಿರಲಾರದು.

ಮಾರನೆಯ ದಿನ ಭಾನುವಾರ. ಬೆಳಗ್ಗೆ ಬಾಗಿಲು ತೆರೆದರೆ ರಾತ್ರಿಯ ಮಳೆಗೆ ಉದುರಿದ ಸಂಪಿಗೆ ಎಸಳುಗಳು ನಮ್ಮ ಮೆಟ್ಟಿಲ ಮೇಲೆಲ್ಲ ಅಂಟಿಕೊಂಡಿದ್ದವು. ಆ ಘಮಕ್ಕೆ ಮೂಗು ಕೆರಳಿತು. ಇದೇ, ಇಷ್ಟು ವರ್ಷ ನನ್ನನ್ನು ತಿನ್ನುತ್ತಿರುವುದು ಇದೇ ಎಂದು ಆ ಕ್ಷಣಕ್ಕೆ ಖಾತ್ರಿಯಾಗಿಬಿಟ್ಟಿತು. ಹೌದೋ ಅಲ್ಲವೋ ಎಂದು ಒಂದು ಗಳಿಗೆ ಯೋಚಿಸಲಿಲ್ಲ. ಯಾರ ಮೇಲಾದರೂ ಹೊರಿಸಲೇಬೇಕಿತ್ತು, ಮರ ಕೈಗೆ ಸಿಕ್ಕಿತು.

ಹೂವಿನಕ್ಕ ಜಗುಲಿಯ ಮೇಲಿದ್ದರು. ಬೀದಿಯ ಮೂರು ನಾಲ್ಕು ಹೆಂಗಸರು ಹೂವು ಕೊಳ್ಳಲು ನಿಂತಿದ್ದರು. ಅವರೆಲ್ಲರ ಎದುರಿಗೆ ನಾನು ಕರವಸ್ತ್ರ ಕೆಳಗಿಳಿಸಿ, ಊದಿಕೊಂಡ ಮುಖ ತೋರಿಸಿ, "ನೋಡಿ ಅಕ್ಕ, ಈ ಮರ ಇರೋವರೆಗೂ ನಾನು ಬದುಕೋ ಹಾಗಿಲ್ಲ" ಎಂದೆ. ಕಡಿಸಿ ಎಂದು ಹೇಳಲಿಲ್ಲ. ನಾನು ಕಡಿಸಿ ಎಂದು ಹೇಳಲಿಲ್ಲವಲ್ಲ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಮಗಳ ಟೀಚರು ಬೀದಿಯ ಮುಂದೆ ನಿಂತು ಹಾಗೆ ಅಂದರೆ ಆ ತಾಯಿ ಏನು ಮಾಡಬೇಕು ಎನ್ನುವುದು ನನಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ.

ಗೌರಿ ಹಬ್ಬಕ್ಕೆ ಒಂದು ವಾರವಿತ್ತು. ಸಂಪಿಗೆಗೆ ಬೇಡಿಕೆ ಇರುವ ಕಾಲ. ಹಬ್ಬ ಕಳೆದ ಮೇಲಾದರೂ ಕಡಿಸಬಹುದಿತ್ತು, ಅವರು ಬುಧವಾರವೇ ಕಡಿಸಿದರು. ಇಬ್ಬರು ಹಗ್ಗ ಮತ್ತು ಕೊಯ್ಯುವ ಮಿಷನ್ನು ತಂದಿದ್ದರು. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಕಿಟಕಿಯ ಪರದೆಯ ಹಿಂದೆ ನಿಂತು ನೋಡಿದೆ, ಹೊರಗೆ ಬರಲಿಲ್ಲ. ನಮ್ಮ ಕಡೆಯ ಕೊಂಬೆಗಳು ನಮ್ಮ ಹೂಕುಂಡಗಳ ಮೇಲೆ ಬೀಳದಂತೆ ಹೂವಿನಕ್ಕ ಕೆಳಗೆ ನಿಂತು ಆ ಇಬ್ಬರಿಗೆ ಕೈತೋರಿಸಿ ಹೇಳುತ್ತಿದ್ದರು. ಸಂಜೆಗೆ ಎರಡು ಮನೆಯ ನಡುವೆ ಬಟ್ಟಬಯಲಾಯಿತು.

ಹಬ್ಬದ ದಿನ ಅವರು ಬಾಗಿಲ ಹತ್ತಿರ ಬಂದು ಕೇಳಿದರು. "ಈಗ ಹೆಂಗೈತೆ ಟೀಚರಮ್ಮ? ಸೀನು ಒಸಿ ಕಮ್ಮಿ ಆಯ್ತಾ?"

ಕಮ್ಮಿ ಆಗಿರಲಿಲ್ಲ. ಹಿಂದಿನ ರಾತ್ರಿ ಎರಡು ದಿಂಬು ಒರಗಿಸಿಕೊಂಡು ಕೂತೇ ಬೆಳಗು ಮಾಡಿದ್ದೆ. "ಹೂಂ ಅಕ್ಕ, ಎಷ್ಟೋ ವಾಸಿ" ಎಂದೆ. ಅವರು "ಅಷ್ಟಾದ್ರೆ ಸಾಕು ಬುಡಿ" ಎಂದು ಹೋದರು.

ಒಂದು ಸಲ ಹಾಗೆ ಹೇಳಿದಮೇಲೆ ಅದನ್ನು ಕಾಯಬೇಕಾಯಿತು. ಸೀನು ಬರುವ ಸೂಚನೆ ಸಿಕ್ಕಿದರೆ ಓಡಿಹೋಗಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ಪೂರ್ತಿ ತಿರುಗಿಸಿ, ಬಾಯಿಗೆ ಟವೆಲ್ಲು ತುರುಕಿಕೊಂಡು ಸೀನುತ್ತಿದ್ದೆ. ಬಕೆಟ್ಟು ತುಂಬಿ ನೀರು ಚೆಲ್ಲಿ ಹೋಗುತ್ತಿತ್ತು. ನಮ್ಮ ಮನೆಯವರು ಇದನ್ನು ನೋಡಿ, ಮೊದಲು ನಕ್ಕು ಆಮೇಲೆ ನಗುವುದನ್ನು ಬಿಟ್ಟರು. ಹೋಗಿ ನಿಜ ಹೇಳಿಬಿಡು ಎಂದರು. ನಾಳೆ ಹೇಳುತ್ತೇನೆ ಎಂದೆ. ಹೂವಿನಕ್ಕ ಹತ್ತು ಹದಿನೈದು ದಿನಕ್ಕೊಮ್ಮೆ ಅದೇ ಪ್ರಶ್ನೆ ಕೇಳುತ್ತಿದ್ದರು, ನಾನು ಅದೇ ಉತ್ತರ ಕೊಡುತ್ತಿದ್ದೆ. ತರಗತಿಯಲ್ಲಿ ಅವರ ಮಗಳ ಕಡೆಗೆ ನೋಡಿ ಪಾಠ ಮಾಡುವುದು ನನ್ನಿಂದ ಆಗುತ್ತಿರಲಿಲ್ಲ. ಅವಳ ಪ್ರಶ್ನೆಗಳಿಗೆ ಕಪ್ಪುಹಲಗೆಗೆ ಮುಖ ಮಾಡಿ ಉತ್ತರ ಹೇಳುತ್ತಿದ್ದೆ.

ಕಾರ್ತೀಕದಲ್ಲಿ ಅಕ್ಕನ ಮಗಳ ಮದುವೆಯಾಯಿತು. ನೀನು ಬರದಿದ್ದರೂ ನನಗೇನೂ ಬೇಜಾರಿಲ್ಲ ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಹೋಗಲಿಲ್ಲ. ಅದಾದ ವಾರಕ್ಕೆ ನಮ್ಮ ಮನೆಯವರು ಹಾಸನದಲ್ಲಿ ಅಲರ್ಜಿ ಪರೀಕ್ಷೆ ಮಾಡುವ ಡಾಕ್ಟರೊಬ್ಬರನ್ನು ವಿಚಾರಿಸಿಕೊಂಡು ಬಂದರು. ಪರೀಕ್ಷೆಗೆ ಮುಂಚೆ ಒಂದು ವಾರ ಯಾವ ಮಾತ್ರೆಯನ್ನೂ ತೆಗೆದುಕೊಳ್ಳಬಾರದು ಎಂದರು. ಆ ವಾರ ನಾನು ಬಚ್ಚಲುಮನೆಯಲ್ಲೇ ಇದ್ದೆ ಎಂದರೂ ಸರಿಯೇ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಮುಂಗೈಯಿಂದ ಮೊಣಕೈವರೆಗೆ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿನ ಹತ್ತಿರ ಒಂದೊಂದು ಹನಿ ಬಿಟ್ಟು, ಸೂಜಿಯಿಂದ ಸ್ವಲ್ಪ ಚುಚ್ಚಿದಳು. ಕಾಲು ಗಂಟೆಯಲ್ಲಿ ಒಂದು ಗುರುತು ಸೊಳ್ಳೆ ಕಚ್ಚಿದಂತೆ ಊದಿ, ನೋಡನೋಡುತ್ತ ಎಂಟಾಣೆಯಷ್ಟು ದಪ್ಪವಾಯಿತು. ಅದು ಪಾರ್ಥೇನಿಯಂ. ಮನೆಯ ಸುತ್ತ ಆ ಗಿಡ ಇದೆಯೇ ಎಂದು ಕೇಳಿದಳು. ನಮ್ಮ ಖಾಲಿ ಸೈಟು ಕಣ್ಣ ಮುಂದೆ ಬಂತು. ಸೊಂಟದೆತ್ತರ ಬೆಳೆದು, ತಲೆಯ ಮೇಲೆಲ್ಲ ಸಣ್ಣ ಸಣ್ಣ ಬಿಳಿ ಹೂವು ಹೊತ್ತು ನಿಂತ ಗಿಡಗಳು. ಅದರ ಕಡೆಗೇ ನಮ್ಮ ಮಲಗುವ ಕೋಣೆಯ ಕಿಟಕಿ.

"ಸಂಪಿಗೆ?" ಎಂದೆ.

ಸಂಪಿಗೆಯಂಥ ಹೂವಿನ ಪರಾಗ ಹುಳುಗಳ ಮೈಗೆ ಅಂಟಿಕೊಂಡು ಹೋಗುತ್ತದೆ, ಗಾಳಿಯಲ್ಲಿ ತೇಲಿ ಮೂಗಿಗೆ ಬರುವುದು ಅಪರೂಪ, ಅದರಿಂದ ವರ್ಷದಲ್ಲಿ ನಾಲ್ಕು ತಿಂಗಳು ಹೀಗಾಗುವುದಿಲ್ಲ ಎಂದು ವಿವರಿಸಿದಳು. ಯಾಕೆ ಕೇಳಿದಿರಿ, ಮನೆ ಹತ್ತಿರ ಮರ ಇದೆಯಾ ಎಂದಳು. ಇತ್ತು ಎನ್ನಲು ಬಾಯಿ ಬರಲಿಲ್ಲ. ಸುಮ್ಮನೆ ಕೇಳಿದೆ ಎಂದೆ. ಅಲ್ಲಿಯೂ ಸುಳ್ಳು.

ಜೆಸಿಬಿ ತರಿಸಿ ಸೈಟು ಕೆರೆಸಿದೆವು. ಹೂವಿನಕ್ಕ ಜಗುಲಿಯ ಮೇಲೆ ಕೂತು ಅದನ್ನು ನೋಡಿದರು, ಯಾಕೆ ಎಂದು ಕೇಳಲಿಲ್ಲ. ನಾನು ಮತ್ತೂ ಒಂದು ತಿಂಗಳು ಹೇಳಲಿಲ್ಲ. ಸಂಕ್ರಾಂತಿ ಎಳ್ಳು ಬೀರಲು ಹೋದ ಸಂಜೆ, ತಟ್ಟೆ ಅವರ ಕೈಗೆ ಕೊಟ್ಟು, ಹೊರಡುವ ಬದಲು ಜಗುಲಿಯ ಮೇಲೆ ಕೂತೆ. ಮಗಳು ಒಳಗೆ ಓದುತ್ತಿದ್ದಳು. ತಗ್ಗಿದ ದನಿಯಲ್ಲಿ ಎಲ್ಲ ಹೇಳಿದೆ. ಮರದಿಂದ ಅಲ್ಲವಂತೆ ಎಂದೆ, ನಮ್ಮ ಸೈಟಿನ ಗಿಡವೇ ಅಂತೆ ಎಂದೆ, ಕಮ್ಮಿಯಾಗಿದೆ ಎಂದು ಹೇಳಿದ್ದೆಲ್ಲ ಸುಳ್ಳು ಎಂದೆ.

ಅವರು ನಾರು ನೆನೆಹಾಕಿದ್ದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಗೊತ್ತು ಟೀಚರಮ್ಮ. ನಿಮ್ ಬಚ್ಚಲ ಕಿಟಕಿ ನಮ್ ಕಡೀಕೇ ಅಲ್ವರಾ ಇರಾದು? ಮರ ಇದ್ದಾಗ ಎಲೆ ಸದ್ದಿಗೆ ಅಷ್ಟಾಗಿ ಕೇಳ್ತಿರ್ನಿಲ್ಲ. ಈಗ ಎಲ್ಲ ಕೇಳ್ತೈತೆ."

ನನಗೆ ತಲೆ ಎತ್ತಲಾಗಲಿಲ್ಲ. ಗೊತ್ತಿದ್ದೂ ಯಾಕೆ ಬಂದು ಬಂದು ಕೇಳುತ್ತಿದ್ದಿರಿ ಎಂದು ಕೇಳಿದೆ.

ಅವರು ಅಂದರು: "ನಮ್ಮತ್ತೆ ಮಗಿನಂಗೆ ಸಾಕಿದ್ ಮರ ಕಣ್ ಟೀಚರಮ್ಮ ಅದು. ನೀವು ವಾಸಿ ಆಗೈತೆ ಅಂದ್ರೆ, ಸುಳ್ಳೂಂತ ಗೊತ್ತಿದ್ರೂವೆ, ಅವತ್ತೊಂದಿನ ನಂಗೆ ನಿದ್ದೆ ಬರಾದು."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕ್ಷಮಿಸಿ ಎಂದೆ. ಆ ಮಾತು ನನ್ನ ಬಾಯಲ್ಲಿ ಪುಸ್ತಕದ ಮಾತಿನ ಹಾಗೆ ಕೇಳಿಸಿತು. ಹಿಂದಿನ ಸೈಟಿನಲ್ಲಿ ಕನಕಾಂಬರ ಹಾಕಿಕೊಳ್ಳಿ, ನಾವೇ ನೀರಿನ ಪೈಪು ಎಳೆಸಿಕೊಡುತ್ತೇವೆ ಎಂದೆ. ಅವರು ಬೇಡ ಎಂದು ತಲೆಯಾಡಿಸಿದರು.

"ಬ್ಯಾಡಿ. ಬೇರು ಬುಟ್ಟ ಮ್ಯಾಲೆ ಎಬ್ಬಸಾದು ನಿಮಗೂ ಕಷ್ಟ, ನಮಗೂ ಕಷ್ಟ."

ಅಂದು ನಾವು ಗಂಡ ಹೆಂಡತಿ ಮಾತಾಡಿಕೊಂಡದ್ದನ್ನೂ ಅವರು ಕೇಳಿಸಿಕೊಂಡಿದ್ದರೋ, ಇಲ್ಲ ಲೋಕ ಕಂಡವರಾದ್ದರಿಂದ ತಾವೇ ಊಹಿಸಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯವಿಲ್ಲ.

ಈಗ ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತೇನೆ. ಸ್ವಲ್ಪ ಸ್ವಲ್ಪವಾಗಿ ಮೈಗೆ ಅಭ್ಯಾಸ ಮಾಡಿಸುವ ಔಷಧವಂತೆ, ಮೂರು ವರ್ಷ ತೆಗೆದುಕೊಳ್ಳಬೇಕಂತೆ. ಪೂರ್ತಿ ನಿಂತಿಲ್ಲ, ಆದರೆ ರಾತ್ರಿ ಮಲಗಬಲ್ಲೆ. ಮಳೆಗಾಲದಲ್ಲಿ ಮತ್ತೆ ಚಿಗುರುವ ಪಾರ್ಥೇನಿಯಂ ಅನ್ನು ಹೂವು ಬಿಡುವ ಮೊದಲೇ ಕೀಳಿಸುತ್ತೇವೆ. ಹೂವಿನಕ್ಕನ ಮಗಳು ಒಳ್ಳೆಯ ಅಂಕ ತೆಗೆದು ಪಿಯುಸಿಗೆ ಸೇರಿದಳು. ಅದರಲ್ಲಿ ನನ್ನದೇನೂ ಇಲ್ಲ.

ಮರವಿದ್ದ ಜಾಗದಲ್ಲಿ ಅವರು ತಂತಿ ಕಟ್ಟಿ ಬಟ್ಟೆ ಒಣಗಿಸುತ್ತಾರೆ. ಬಿಸಿಲು ಚೆನ್ನಾಗಿ ಬೀಳುತ್ತದೆ, ಒಂದು ಥರಕ್ಕೆ ಒಳ್ಳೆಯದೇ ಆಯಿತು ಎಂದು ಒಮ್ಮೆ ಅವರಾಗಿಯೇ ಹೇಳಿದರು. ನಾನು ಹೊರಗೆ ಬಂದರೆ ಈಗಲೂ ಎದ್ದು ನಿಲ್ಲುತ್ತಾರೆ. ಕೂತುಕೊಳ್ಳಿ ಅಕ್ಕ ಎಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. ಅದಕ್ಕೇ ಶಾಲೆಗೆ ಹೊರಡುವಾಗ, ಅವರು ಮಾರ್ಕೆಟ್ಟಿನಿಂದ ಇನ್ನೂ ಬಂದಿಲ್ಲ ಎಂದು ಮೊದಲು ಕಿಟಕಿಯಿಂದ ಖಾತ್ರಿ ಮಾಡಿಕೊಂಡು, ಆಮೇಲೆ ಬಾಗಿಲು ತೆರೆಯುತ್ತೇನೆ.